ಡೇರಿಯ ಚೀಟಿ ಮತ್ತು ನಾಲ್ಕೂವರೆ ಗಂಟೆ: ಕುಮಟಾ ತಾಲೂಕಿನ ಒಂದು ಪಾರ್ಶ್ವವಾಯು ಪ್ರಕರಣ

ಈ ಪ್ರಕರಣದ ರೋಗಿ ಕುಮಟಾ ತಾಲೂಕಿನಲ್ಲಿ, ಘಟ್ಟದ ಬುಡದ ಹಳ್ಳಿಯೊಂದರಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ 64 ವರ್ಷದ ಕೃಷಿಕರು. ಮನೆಯಲ್ಲಿ ಹೆಂಡತಿ, ಮಗ, ಸೊಸೆ ಮತ್ತು ಶಾಲೆಗೆ ಹೋಗುವ ಮೊಮ್ಮಗಳಿದ್ದಾರೆ. ಕೊಟ್ಟಿಗೆಯಲ್ಲಿ ಕರೆಯುವ ಆಕಳು ಎರಡು. ರಕ್ತದೊತ್ತಡ ಇದೆಯೆಂದು ಐದು ವರ್ಷಗಳ ಹಿಂದೆ ಆರೋಗ್ಯ ತಪಾಸಣಾ ಶಿಬಿರವೊಂದರಲ್ಲಿ ಗೊತ್ತಾಗಿ, ದಿನಕ್ಕೊಂದು ಆಮ್ಲೋಡಿಪಿನ್ ಮಾತ್ರೆ ಶುರುವಾಗಿತ್ತು. ತಲೆನೋವು, ತಲೆಸುತ್ತು ಏನೂ ಇಲ್ಲದಿದ್ದರಿಂದ ಎರಡು ವರ್ಷ ತೆಗೆದುಕೊಂಡು ಬಿಟ್ಟುಬಿಟ್ಟರು. ಸಕ್ಕರೆ ಕಾಯಿಲೆ ಇರಲಿಲ್ಲ. ಊಟವಾದ ಮೇಲೆ ತಂಬಾಕು ಸೇರಿಸಿ ಕವಳ ಹಾಕುವ ರೂಢಿ ಯೌವನದಿಂದಲೂ ಇತ್ತು.

ಆಸ್ಪತ್ರೆಯ ಕೇಸ್ ಶೀಟು, ಸ್ಕ್ಯಾನ್ ವರದಿಗಳು, ಮನೆಯವರೊಂದಿಗೂ ಊರಿನ ಆಶಾ ಕಾರ್ಯಕರ್ತೆಯೊಂದಿಗೂ ನಡೆಸಿದ ಮಾತುಕತೆ, ಇವಿಷ್ಟೂ ಈ ಬರಹಕ್ಕೆ ಆಧಾರ. ಕುಟುಂಬದವರು ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಹುದಾದ ವಿವರಗಳನ್ನು ಬಿಡಲಾಗಿದೆ. ಕಾಯಿಲೆಯ ದೃಷ್ಟಿಯಿಂದ ಇದು ಅಪರೂಪದ ಪ್ರಕರಣವೇನಲ್ಲ. ಆದರೆ ರೋಗಿ ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬ ಒಂದೇ ಪ್ರಶ್ನೆಯ ಉತ್ತರದ ಮೇಲೆ ಇಡೀ ಚಿಕಿತ್ಸೆ ಹೇಗೆ ನಿಂತಿರುತ್ತದೆ, ಆ ಉತ್ತರವನ್ನು ಹುಡುಕುವ ಕೆಲಸ ನಮ್ಮ ಕಡೆ ಎಷ್ಟು ಸಡಿಲವಾಗಿ ನಡೆಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣವನ್ನು ನಾನು ಕಂಡಿಲ್ಲ.

ಆ ಬೆಳಿಗ್ಗೆ ನಡೆದದ್ದು

ಮಳೆಗಾಲದ ಮಧ್ಯಭಾಗ. ಹಿಂದಿನ ಎರಡು ದಿನ ಅಡಿಕೆಗೆ ಕೊಳೆಮದ್ದು ಹೊಡೆಸುವ ಕೆಲಸ ನಡೆದಿತ್ತು. ಆ ದಿನ ಬೆಳಗಿನ ಜಾವ ಎದ್ದು, ಆಕಳು ಕರೆದು, ಕ್ಯಾನು ಹಿಡಿದು ಡೇರಿಗೆ ಹೋಗಿ ಬಂದವರು ಅಂಗಿ ಕಳಚಿ ಗೋಡೆಯ ಮೊಳೆಗೆ ಸಿಕ್ಕಿಸಿ ಜಗಲಿಯಲ್ಲಿ ಕುಳಿತಿದ್ದಾರೆ. ಹೆಂಡತಿ ಸೊಪ್ಪು ತರಲು ಬೆಟ್ಟಕ್ಕೆ ಹೋಗಿದ್ದರು. ಮಗ ಗೊಬ್ಬರದ ಚೀಲ ತರಲು ಪೇಟೆಗೆ ಹೊರಟಾಗಿತ್ತು. ಸೊಸೆ ಒಳಗೆ ದೋಸೆ ಎರೆಯುತ್ತಿದ್ದರು. ತಿಂಡಿಗೆ ಕರೆದರೂ ಓಗೊಡದ್ದರಿಂದ ಅವರು ಹೊರಗೆ ಬಂದು ನೋಡಿದಾಗ ಏಳು ಗಂಟೆ ಐವತ್ತು ನಿಮಿಷ. ಮಾವ ಕಂಬಕ್ಕೆ ಒರಗಿದಂತೆ ವಾಲಿದ್ದರು, ಬಾಯಿ ಎಡಕ್ಕೆ ಸೊಟ್ಟಗಾಗಿತ್ತು, ಬಲಗೈ ತೊಡೆಯ ಮೇಲಿಂದ ಜಾರಿ ನೇತಾಡುತ್ತಿತ್ತು, ಮಾತನಾಡಲು ಪ್ರಯತ್ನಿಸಿದರೆ ಒಂದೇ ಬಗೆಯ ಸ್ವರ ಹೊರಡುತ್ತಿತ್ತು.

ಮುಂದಿನ ಮುಕ್ಕಾಲು ಗಂಟೆಯನ್ನು ವಿವರವಾಗಿ ದಾಖಲಿಸುವುದು ಅಗತ್ಯ, ಏಕೆಂದರೆ ಈ ಪ್ರಕರಣದಲ್ಲಿ ಕಳೆದುಹೋದ ಸಮಯದ ದೊಡ್ಡ ಪಾಲು ಇಲ್ಲಿದೆ. ಕೂಗು ಕೇಳಿ ಅಕ್ಕಪಕ್ಕದವರು ಬಂದರು. ಮದ್ದು ಹೊಡೆಸುವಾಗ ನೆನೆದು ನಿತ್ರಾಣವಾಗಿರಬೇಕು ಎಂದು ಒಬ್ಬರು ಹೇಳಿದರು. ಬಿಸಿ ಕಾಫಿ ಕುಡಿಸಿದರೆ ಚೇತರಿಸಿಕೊಳ್ಳುತ್ತಾರೆಂದು ಲೋಟ ಬಾಯಿಗೆ ಹಿಡಿದರು. ಅರ್ಧ ಹೊರಗೆ ಸುರಿಯಿತು, ಉಳಿದರ್ಧಕ್ಕೆ ಜೋರಾಗಿ ಕೆಮ್ಮಿದರು. ಕೈಕಾಲಿಗೆ ಬಿಸಿ ಎಣ್ಣೆ ತಿಕ್ಕಿದರು. ಲಕ್ವ ಹೊಡೆದಿದೆ ಎಂಬುದು ಖಾತ್ರಿಯಾದ ಮೇಲೆ ನೆರೆಮನೆಯ ಹಿರಿಯರು, ಲಕ್ವಕ್ಕೆ ನಾಟಿ ಮದ್ದು ಕೊಡುವವರು ಪಕ್ಕದ ಊರಿನಲ್ಲಿದ್ದಾರೆ, ಮೊದಲು ಅಲ್ಲಿಗೆ ಕರೆದೊಯ್ಯೋಣ ಎಂದು ವಾಹನಕ್ಕೆ ಹೇಳಿಕಳಿಸಿದರು. ಇವರಲ್ಲಿ ಯಾರೂ ಉದಾಸೀನ ಮಾಡಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಎಲ್ಲರೂ ಓಡಾಡಿದರು, ಎಲ್ಲರೂ ಏನಾದರೊಂದು ಮಾಡಿದರು. ಮೆದುಳಿನ ರಕ್ತನಾಳವೊಂದು ಕಟ್ಟಿಕೊಂಡಿದೆ, ಅದನ್ನು ಬಿಡಿಸುವ ಔಷಧ ಇದೆ, ಆ ಔಷಧಕ್ಕೆ ಗಡುವು ಇದೆ ಎಂಬ ಮೂರು ಸಂಗತಿಗಳು ಮಾತ್ರ ಅಲ್ಲಿದ್ದವರಿಗೆ ತಿಳಿದಿರಲಿಲ್ಲ.

ಎಂಟೂ ಮೂವತ್ತೈದಕ್ಕೆ ಬಂದ ಆಶಾ ಕಾರ್ಯಕರ್ತೆಗೆ ತಿಳಿದಿತ್ತು. ಅವರು ನಗಲು ಹೇಳಿದರು, ಎರಡೂ ಕೈ ಎತ್ತಲು ಹೇಳಿದರು, ಮೊಮ್ಮಗಳ ಹೆಸರು ಕೇಳಿದರು. ಮೂರೂ ಆಗಲಿಲ್ಲ. ರಾತ್ರಿಯಿಂದ ಕರೆಂಟು ಇರದ ಕಾರಣ ಮೊಬೈಲಿಗೆ ನೆಟ್‌ವರ್ಕ್ ಸಿಗದೆ, ಗುಡ್ಡ ಹತ್ತಿ 108ಕ್ಕೆ ಕರೆ ಮಾಡಿದರೆ ಹತ್ತಿರದ ಆಂಬುಲೆನ್ಸ್ ಬೇರೆ ಕರೆಯ ಮೇಲೆ ಹೋಗಿತ್ತು. ನಾಟಿ ಮದ್ದಿಗೆಂದು ಬಂದು ನಿಂತಿದ್ದ ಓಮ್ನಿಯಲ್ಲೇ ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕೆಂದು ಹಟ ಹಿಡಿದು ಕಳಿಸಿದವರು ಅವರೇ. ಆಗ ಎಂಟೂ ಐವತ್ತು. ಆದರೂ ದಾರಿಯಲ್ಲಿ ಮನೆಯವರು ಪರಿಚಯದ ವೈದ್ಯರ ಕ್ಲಿನಿಕ್ಕಿನ ಮುಂದೆ ಗಾಡಿ ನಿಲ್ಲಿಸಿದರು. ಆ ವೈದ್ಯರು ಗಾಡಿಯಿಂದ ಇಳಿಸಲು ಬಿಡದೆ, ಅಲ್ಲೇ ಬಿ.ಪಿ. ನೋಡಿ, ಯಾವ ಮಾತ್ರೆಯನ್ನೂ ಕೊಡದೆ, ಮುಂದಿನ ಆಸ್ಪತ್ರೆಗೆ ಫೋನು ಮಾಡಿ ಐದೇ ನಿಮಿಷದಲ್ಲಿ ಸಾಗಹಾಕಿದರು. ಸ್ಕ್ಯಾನ್ ಮಾಡುವ ಮೊದಲೇ ಆಸ್ಪಿರಿನ್ ಕೊಡುವುದು ಅಥವಾ ನಾಲಿಗೆಯ ಕೆಳಗೆ ಬಿ.ಪಿ. ಮಾತ್ರೆ ಇಟ್ಟು ಒತ್ತಡವನ್ನು ಒಮ್ಮೆಲೇ ಇಳಿಸುವುದು ಎಷ್ಟೋ ಕಡೆ ಈಗಲೂ ನಡೆಯುತ್ತದೆ. ರಕ್ತಸ್ರಾವದ ಪಾರ್ಶ್ವವಾಯುವಾಗಿದ್ದರೆ ಮೊದಲನೆಯದು ಅಪಾಯ. ರಕ್ತನಾಳ ಕಟ್ಟಿದ್ದರೆ ಎರಡನೆಯದು ಅಪಾಯ. ಏನನ್ನೂ ಕೊಡದೆ ಕಳಿಸಿದ ಆ ವೈದ್ಯರ ಸಂಯಮವನ್ನು ನಾನು ಚಿಕಿತ್ಸೆಯ ಭಾಗವೆಂದೇ ಎಣಿಸುತ್ತೇನೆ.

ಕೊನೆಯದಾಗಿ ಸರಿಯಾಗಿದ್ದದ್ದು ಯಾವಾಗ

ಹತ್ತು ಗಂಟೆಗೆ ಆಸ್ಪತ್ರೆ ಸೇರಿದರು. ಜೊತೆಯಲ್ಲಿದ್ದವರು ಹೆಂಡತಿ ಮತ್ತು ನೆರೆಮನೆಯವರು. ಯಾವಾಗಿನಿಂದ ಹೀಗಾಗಿದೆ ಎಂಬ ಪ್ರಶ್ನೆಗೆ ನೆರೆಯವರು "ಬೆಳಿಗ್ಗೆಯಿಂದಲೇ" ಎಂದರು. ಹೆಂಡತಿಯನ್ನು ಕೇಳಿದರೆ, ಎದ್ದವರು ತನ್ನೊಂದಿಗೆ ಮಾತನಾಡಿದ್ದು ನೆನಪಿಲ್ಲ ಎಂದರು. ಆ ಮನೆಯಲ್ಲಿ ಬೆಳಗಿನ ಕೆಲಸ ಮಾತಿಲ್ಲದೆಯೇ ನಡೆಯುತ್ತದೆ. ಹೀಗಾಗಿ ಮೊದಲ ಹಾಳೆಯಲ್ಲಿ ನಿದ್ದೆಯಿಂದ ಏಳುವಾಗಲೇ ಲಕ್ಷಣ ಇದ್ದಿರಬಹುದು ಎಂದು ದಾಖಲಾಯಿತು.

ಈ ಒಂದು ಸಾಲಿನ ಪರಿಣಾಮ ಏನೆಂದು ತಿಳಿಯಲು ಸಂಶೋಧನೆಯ ಇತಿಹಾಸವನ್ನು ಸ್ವಲ್ಪ ನೋಡಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಆಲ್ಟೆಪ್ಲೇಸ್ ಔಷಧವನ್ನು ಮೂರು ಗಂಟೆಯೊಳಗೆ ಕೊಟ್ಟರೆ ಅಂಗವೈಕಲ್ಯ ಕಡಿಮೆಯಾಗುತ್ತದೆ ಎಂಬುದನ್ನು ಅಮೆರಿಕದ ಎನ್.ಐ.ಎನ್.ಡಿ.ಎಸ್. ಅಧ್ಯಯನ 1995ರಲ್ಲಿ ತೋರಿಸಿತು. 624 ರೋಗಿಗಳ ಆ ಅಧ್ಯಯನದಲ್ಲಿ, ಔಷಧ ಪಡೆದವರು ಮೂರು ತಿಂಗಳ ನಂತರ ಬಹುಮಟ್ಟಿಗೆ ಸ್ವಸ್ಥರಾಗಿರುವ ಸಾಧ್ಯತೆ ಉಳಿದವರಿಗಿಂತ ಕನಿಷ್ಠ ಶೇ. 30ರಷ್ಟು ಹೆಚ್ಚಿತ್ತು. ಅದರ ಜೊತೆಗೇ ಮೆದುಳಿನೊಳಗೆ ಲಕ್ಷಣ ತೋರುವಂಥ ರಕ್ತಸ್ರಾವ ಶೇ. 6.4 ಮಂದಿಗೆ ಆಯಿತು. ಔಷಧ ಪಡೆಯದವರಲ್ಲಿ ಅದು ಶೇ. 0.6. ಯುರೋಪಿನ ಇಕಾಸ್–3 ಅಧ್ಯಯನ 2008ರಲ್ಲಿ ಗಡುವನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಗಡುವಿನೊಳಗೂ ಪ್ರತಿ ನಿಮಿಷಕ್ಕೆ ಬೆಲೆಯಿದೆ. ದೊಡ್ಡ ರಕ್ತನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಪ್ರಕಟವಾದ ಲೆಕ್ಕಾಚಾರ ಹೇಳುತ್ತದೆ.

ಗಡುವನ್ನು ಎಣಿಸುವುದು ಮನೆಯವರು ಲಕ್ಷಣ ಕಂಡ ಹೊತ್ತಿನಿಂದಲ್ಲ. ರೋಗಿ ಸರಿಯಾಗಿದ್ದುದನ್ನು ಯಾರಾದರೂ ಖಚಿತವಾಗಿ ಕಂಡ ಕೊನೆಯ ಹೊತ್ತಿನಿಂದ. ನಿದ್ದೆಯಲ್ಲಿ ಆಗಿರಬಹುದಾದ ಪಾರ್ಶ್ವವಾಯುವಿಗೆ ಆ ಹೊತ್ತು ಹಿಂದಿನ ರಾತ್ರಿ ಮಲಗಿದ ಸಮಯವೇ ಆಗುತ್ತದೆ. ಈ ರೋಗಿ ರಾತ್ರಿ ಒಂಬತ್ತೂವರೆಗೆ ಮಲಗಿದವರು. ಆ ಲೆಕ್ಕದಲ್ಲಿ ಅವರು ಆಸ್ಪತ್ರೆ ಮುಟ್ಟುವಾಗ ಹನ್ನೆರಡೂವರೆ ಗಂಟೆ ಕಳೆದಂತೆ, ಔಷಧ ಕೊಡುವಂತಿಲ್ಲ. ಇಂಥವರಲ್ಲೂ ಕೆಲವರಿಗೆ ಎಂ.ಆರ್.ಐ. ಚಿತ್ರಗಳನ್ನು ಹೋಲಿಸಿ ನೋಡಿ ಔಷಧ ಕೊಡಬಹುದೆಂದು 2018ರ ವೇಕ್–ಅಪ್ ಅಧ್ಯಯನ ತೋರಿಸಿದೆ. ಆದರೆ ಅದಕ್ಕೆ ಬೇಕಾದ ಎಂ.ಆರ್.ಐ. ಯಂತ್ರ ಈ ಆಸ್ಪತ್ರೆಯಲ್ಲಿರಲಿಲ್ಲ.

ಹತ್ತೂ ಹದಿನೆಂಟಕ್ಕೆ ಸಿ.ಟಿ. ಆಯಿತು. ರಕ್ತಸ್ರಾವ ಇರಲಿಲ್ಲ. ಎಡ ಮೆದುಳಿನಲ್ಲಿ ಹಾನಿಯ ಆರಂಭದ ಗುರುತುಗಳೂ ತೀರಾ ಅಲ್ಪವಾಗಿದ್ದವು. ಹನ್ನೆರಡು ಗಂಟೆ ಕಳೆದ ಮೆದುಳು ಹೀಗೆ ಕಾಣುವುದು ಕಷ್ಟ ಎಂಬ ಅನುಮಾನ ಕರ್ತವ್ಯದಲ್ಲಿದ್ದ ವೈದ್ಯೆಗೆ ಬಂದದ್ದು ಆಗ. ಅನುಮಾನದ ಮೇಲೆ ರಕ್ತಸ್ರಾವದ ಅಪಾಯವಿರುವ ಔಷಧ ಕೊಡಲಾಗುವುದಿಲ್ಲ. ಅವರು ಮತ್ತೆ ಹೆಂಡತಿಯ ಬಳಿ ಹೋಗಿ, ಇಡೀ ಬೆಳಿಗ್ಗೆಯನ್ನು ಕೆಲಸ ಕೆಲಸವಾಗಿ ಕೇಳತೊಡಗಿದರು. ಎದ್ದವರು ಯಾರು ಮೊದಲು? ಆಕಳು ಕರೆದವರು ಯಾರು? ಡೇರಿಗೆ ಹೋದವರು ಯಾರು?

ಅಷ್ಟರಲ್ಲಿ ಮಗ ಮತ್ತು ಸೊಸೆ ಬೈಕಿನಲ್ಲಿ ಬಂದರು. ರೇಷನ್ ಕಾರ್ಡು, ಆಧಾರ್ ಕಾರ್ಡು ಮತ್ತು ಹಾಕಿಕೊಳ್ಳಲು ಬೇಕಾಗುತ್ತದೆಂದು ಮೊಳೆಯ ಮೇಲಿದ್ದ ಅಂಗಿಯನ್ನು ತಂದಿದ್ದರು. "ಮಾವನೇ ಡೇರಿಗೆ ಹಾಲು ಕೊಟ್ಟು ಬಂದಿದ್ದು ಡಾಕ್ಟ್ರೇ, ನಾನು ಕ್ಯಾನು ತೊಳೆದಿಟ್ಟಿದ್ದೇನೆ" ಎಂದು ಸೊಸೆ ಹೇಳಿ, ಅಂಗಿಯ ಜೇಬಿನಿಂದ ಒದ್ದೆಯಾಗಿ ಮಡಚಿಕೊಂಡಿದ್ದ ಡೇರಿಯ ಚೀಟಿಯನ್ನು ತೆಗೆದುಕೊಟ್ಟರು. ಸದಸ್ಯರ ಸಂಖ್ಯೆ, ಹಾಲಿನ ಪ್ರಮಾಣ, ಫ್ಯಾಟು, ದರ, ಇವುಗಳ ಜೊತೆಗೆ ಆ ಡೇರಿಯ ಯಂತ್ರ ಸಮಯವನ್ನೂ ಮುದ್ರಿಸುತ್ತದೆ: 6:41. ವೈದ್ಯೆ ಅಷ್ಟಕ್ಕೇ ನಿಲ್ಲಲಿಲ್ಲ. ಹಾಲು ಅಳೆಸುವಾಗ ಕೈ ಸರಿಯಿತ್ತೇ, ಮಾತು ಸರಿಯಿತ್ತೇ ಎಂಬುದನ್ನು ಚೀಟಿ ಹೇಳುವುದಿಲ್ಲವಲ್ಲ. ಡೇರಿಯ ಕಾರ್ಯದರ್ಶಿಗೆ ಫೋನು ಮಾಡಿಸಿದರು. ನಿನ್ನೆಗಿಂತ ಫ್ಯಾಟು ಕಡಿಮೆ ಬಂದಿದೆ, ಇನ್ನೊಮ್ಮೆ ನೋಡು ಎಂದು ಅವರು ತಕರಾರು ತೆಗೆದದ್ದನ್ನು, ಬಲಗೈಯಲ್ಲೇ ಕ್ಯಾನು ಎತ್ತಿಕೊಂಡು ಹೋದದ್ದನ್ನು ಕಾರ್ಯದರ್ಶಿ ಹೇಳಿದರು. ಅಂದರೆ ಆರೂ ನಲವತ್ತೊಂದಕ್ಕೆ ಮಾತು, ಕೈ, ವಿವೇಚನೆ ಮೂರೂ ನೆಟ್ಟಗಿದ್ದವು. ಗಡುವು ಹನ್ನೊಂದೂ ಹನ್ನೊಂದರವರೆಗೆ ಇತ್ತು. ಆಗ ಗಡಿಯಾರ ಹತ್ತೂ ಮೂವತ್ತಾರು ತೋರಿಸುತ್ತಿತ್ತು.

ಆರೂ ನಲವತ್ತೊಂದರ ನಂತರವೂ ಅವರು ನಡೆದು ಮನೆಗೆ ಬಂದಿದ್ದಾರೆ, ಅಂಗಿ ಕಳಚಿ ಸಿಕ್ಕಿಸಿದ್ದಾರೆ. ಆದ್ದರಿಂದ ನಿಜವಾದ ಆಘಾತ ಏಳು ಗಂಟೆಯ ಮೇಲೆಯೇ ಆಗಿರಬೇಕು. ಆದರೂ ಸಾಕ್ಷಿಯಿರುವ ಕೊನೆಯ ಕ್ಷಣವನ್ನೇ ಲೆಕ್ಕಕ್ಕೆ ಹಿಡಿದದ್ದು ಸರಿ. ಊಹೆಯಿಂದ ಹತ್ತಿಪ್ಪತ್ತು ನಿಮಿಷ ಸೇರಿಸಿಕೊಳ್ಳುವ ಅಭ್ಯಾಸ ಬೆಳೆದರೆ ಅದು ಇನ್ನೊಬ್ಬ ರೋಗಿಯ ಪ್ರಾಣಕ್ಕೆ ಎರವಾಗುತ್ತದೆ.

ಚುಚ್ಚುಮದ್ದು, ನಂತರ ಹೆದ್ದಾರಿ

ಪಾರ್ಶ್ವವಾಯುವಿನ ತೀವ್ರತೆ ಅಳೆಯುವ ಎನ್.ಐ.ಎಚ್. ಮಾಪನದಲ್ಲಿ ಅವರಿಗೆ 13 ಅಂಕ ಬಂದಿತ್ತು. ಸಕ್ಕರೆ 148. ರಕ್ತದೊತ್ತಡ 194/106 ಇದ್ದದ್ದು ಅಡ್ಡಿಯಾಯಿತು. ಔಷಧ ಕೊಡುವ ಮೊದಲು ಅದು 185/110ರೊಳಗೆ ಇರಬೇಕು. ಲ್ಯಾಬೆಟಲಾಲ್ ಚುಚ್ಚುಮದ್ದಿನಿಂದ ಅದನ್ನು ನಿಧಾನವಾಗಿ 172/96ಕ್ಕೆ ತಂದರು. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ, ಸಕ್ಕರೆಯ ಹೊರತು ಬೇರಾವ ರಕ್ತಪರೀಕ್ಷೆಯ ವರದಿಗೂ ಕಾಯಬೇಕಾಗಿರಲಿಲ್ಲ. ಹತ್ತೂ ಐವತ್ತೆರಡಕ್ಕೆ, ಹೆಪ್ಪು ಕರಗಿಸುವ ಇನ್ನೊಂದು ಔಷಧವಾದ ಟೆನೆಕ್ಟೆಪ್ಲೇಸ್ ಕೊಟ್ಟರು. ಕಿಲೋಗೆ 0.25 ಮಿಲಿಗ್ರಾಂ ಪ್ರಮಾಣದಲ್ಲಿ, 58 ಕಿಲೋ ತೂಕದ ಅವರಿಗೆ 14.5 ಮಿಲಿಗ್ರಾಂ. ಆಲ್ಟೆಪ್ಲೇಸ್ ಅನ್ನು ಒಂದು ಗಂಟೆ ಹನಿಹನಿಯಾಗಿ ಹರಿಸಬೇಕು. ಇದು ಒಂದೇ ಚುಚ್ಚುಮದ್ದಿನಲ್ಲಿ ಮುಗಿಯುತ್ತದೆ. ಫಲಿತಾಂಶದಲ್ಲಿ ಇದು ಆಲ್ಟೆಪ್ಲೇಸ್‌ಗಿಂತ ಕಡಿಮೆಯಿಲ್ಲ ಎಂಬುದನ್ನು ಕೆನಡಾದ ಆಕ್ಟ್ ಅಧ್ಯಯನ 2022ರಲ್ಲಿ ತೋರಿಸಿದೆ. ರೋಗಿಯನ್ನು ದೂರದ ಆಸ್ಪತ್ರೆಗೆ ಸಾಗಿಸಲೇಬೇಕಾದ ನಮ್ಮಂಥ ಜಿಲ್ಲೆಗೆ ಈ ಅನುಕೂಲ ದೊಡ್ಡದು.

ಸಾಗಿಸುವ ಪ್ರಶ್ನೆ ಏಕೆ ಬಂತೆಂದರೆ, ಮಾತು ಮತ್ತು ಬಲಬದಿ ಎರಡೂ ಹೋದಾಗ ಎಡಬದಿಯ ದೊಡ್ಡ ರಕ್ತನಾಳವೇ ಕಟ್ಟಿರುವ ಸಾಧ್ಯತೆ ಇರುತ್ತದೆ. ಅಂಥ ದೊಡ್ಡ ಹೆಪ್ಪು ಔಷಧಕ್ಕೆ ಎಷ್ಟೋ ಸಲ ಕರಗುವುದಿಲ್ಲ. ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ನಳಿಕೆ ತೂರಿಸಿ ಅದನ್ನು ಎಳೆದು ತೆಗೆಯಬೇಕಾಗುತ್ತದೆ. ಈ ವಿಧಾನದ ಪ್ರಯೋಜನವನ್ನು ಮೊದಲು ಗಟ್ಟಿಯಾಗಿ ಸ್ಥಾಪಿಸಿದ್ದು ನೆದರ್ಲೆಂಡ್ಸ್‌ನ ಎಂ.ಆರ್. ಕ್ಲೀನ್ ಅಧ್ಯಯನ, 2015ರಲ್ಲಿ: ಹೆಪ್ಪು ತೆಗೆಸಿಕೊಂಡವರಲ್ಲಿ ಶೇ. 32.6 ಮಂದಿ ಮೂರು ತಿಂಗಳಿಗೆ ಸ್ವತಂತ್ರರಾದರೆ, ಉಳಿದವರಲ್ಲಿ ಶೇ. 19.1 ಮಾತ್ರ. ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಇದನ್ನು ಮಾಡಬಹುದೆಂದು 2018ರ ಡಾನ್ ಅಧ್ಯಯನ ತೋರಿಸಿತು. ಆದರೆ ಕುಮಟಾದ ರೋಗಿಗೆ ಇಂಥ ಚಿಕಿತ್ಸೆ ಬೇಕೆಂದರೆ ತೆಂಕಣಕ್ಕೆ ಮಣಿಪಾಲ, ಮಂಗಳೂರು, ಇಲ್ಲವೇ ಘಟ್ಟ ಹತ್ತಿ ಹುಬ್ಬಳ್ಳಿ. ಕಾರವಾರದವರು ಗೋವಾಕ್ಕೆ ಹೋಗುತ್ತಾರೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದು ಕೇಳುತ್ತಿರುವುದು ಸುಮ್ಮನೆ ಅಲ್ಲ.

ಮನೆಯವರು ಒಪ್ಪಲು ಹಿಂಜರಿದರು, ಆ ಹಿಂಜರಿಕೆಗೆ ಕಾರಣವಿತ್ತು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತದ್ದನ್ನು, 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಅದೇ ಹೆದ್ದಾರಿ ಮುಚ್ಚಿದ್ದನ್ನು ಈ ಕರಾವಳಿಯ ಯಾರೂ ಮರೆತಿಲ್ಲ. ಮಳೆಯಲ್ಲಿ ಮೂರು ತಾಸು ಆಂಬುಲೆನ್ಸಿನಲ್ಲಿ ಹೋಗುವುದು ಬೇಡ ಎಂದು ಮಗ ಹೇಳಿದಾಗ, ವೈದ್ಯೆ ಹೆದರಿಸಲಿಲ್ಲ. ಹೋದರೆ ಆಗಬಹುದಾದ ಲಾಭ, ಹೋಗದಿದ್ದರೆ ಉಳಿಯುವ ನಷ್ಟ, ದಾರಿಯಲ್ಲಿ ಒತ್ತಡ ನೋಡಿಕೊಳ್ಳಲು ಜೊತೆಗೆ ಬರುವ ನರ್ಸು, ಇಷ್ಟನ್ನು ಹೇಳಿದರು. ಹನ್ನೊಂದೂ ಇಪ್ಪತ್ತೈದಕ್ಕೆ ಹೊರಟರು. ಭಟ್ಕಳ ದಾಟುವ ಹೊತ್ತಿಗೆ ರೋಗಿಯ ಬಲಗಾಲು ಅಲುಗಾಡಿತು. ದೊಡ್ಡ ಆಸ್ಪತ್ರೆ ತಲುಪಿದ ಮೇಲೆ ಅಲ್ಲಿ ತೆಗೆದ ರಕ್ತನಾಳದ ಚಿತ್ರದಲ್ಲಿ ಮುಖ್ಯ ನಾಳ ತೆರೆದಿತ್ತು, ಮುಂದಿನ ಸಣ್ಣ ಕವಲೊಂದು ಮಾತ್ರ ಕಟ್ಟಿತ್ತು. ನಳಿಕೆಯ ಚಿಕಿತ್ಸೆ ಬೇಕಾಗಲಿಲ್ಲ. ಮರುದಿನದ ಸಿ.ಟಿ.ಯಲ್ಲಿ ರಕ್ತಸ್ರಾವವೂ ಇರಲಿಲ್ಲ.

ಅರ್ಧ ಲೋಟ ಕಾಫಿ

ಮೊದಲ ರಾತ್ರಿಯೇ ಜ್ವರ ಬಂತು, ಬಲ ಶ್ವಾಸಕೋಶದ ಕೆಳಭಾಗದಲ್ಲಿ ಕಫದ ಸದ್ದು ಕೇಳಿಸಿತು. ಜಗಲಿಯಲ್ಲಿ ಕುಡಿಸಿದ ಕಾಫಿಯ ಪಾಲು ಶ್ವಾಸನಾಳಕ್ಕೆ ಇಳಿದಿರಬೇಕು ಎಂಬುದು ಅಲ್ಲಿನ ವೈದ್ಯರ ಅಭಿಪ್ರಾಯ. ಚಮಚದಲ್ಲಿ ನೀರು ಕೊಟ್ಟು ನುಂಗುವಿಕೆ ಪರೀಕ್ಷಿಸಿದ ನರ್ಸು, ಕೆಮ್ಮು ಬಂದದ್ದರಿಂದ ಬಾಯಿಯ ಮೂಲಕ ಏನನ್ನೂ ಕೊಡಬಾರದೆಂದು ಬರೆದರು. ನಾಲ್ಕು ದಿನ ಮೂಗಿನ ಕೊಳವೆಯಿಂದಲೇ ಗಂಜಿ. ಅನ್ನಕ್ಕೆ ಬಾಯಿ ತೆರೆಯುವ ಗಂಡನಿಗೆ ಒಂದು ತುತ್ತನ್ನೂ ಕೊಡಲಾಗದೆ ಹೆಂಡತಿ ಪಟ್ಟ ಸಂಕಟವನ್ನು ಅವರೇ ಹೇಳಿಕೊಂಡರು.

ಇದನ್ನು ಸಣ್ಣ ವಿಷಯವೆಂದು ದಾಟಿಹೋಗಬಾರದು. ಜ್ವರ, ಸಕ್ಕರೆ, ನುಂಗುವಿಕೆ ಈ ಮೂರನ್ನು ಮೊದಲ ಮೂರು ದಿನ ನರ್ಸುಗಳು ಕಟ್ಟುನಿಟ್ಟಾಗಿ ನೋಡಿಕೊಂಡರೆ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯಾದ 19 ಪಾರ್ಶ್ವವಾಯು ಘಟಕಗಳಲ್ಲಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಮೂರು ತಿಂಗಳಲ್ಲಿ ಸಾವು ಅಥವಾ ಪರಾವಲಂಬನೆಗೆ ಒಳಗಾದವರು ಸಾಮಾನ್ಯ ಆರೈಕೆಯಲ್ಲಿ ಶೇ. 58 ಇದ್ದರೆ, ಈ ಕ್ರಮ ಪಾಲಿಸಿದ ಕಡೆ ಶೇ. 42. ಇದಕ್ಕೆ ಬೇಕಾದದ್ದು ಥರ್ಮಾಮೀಟರ್, ಗ್ಲುಕೋಮೀಟರ್, ಒಂದು ಲೋಟ ನೀರು ಮತ್ತು ತರಬೇತಿ. ನಳಿಕೆಯ ಚಿಕಿತ್ಸೆ ಉತ್ತರ ಕನ್ನಡಕ್ಕೆ ಬರಲು ಇನ್ನೂ ಸಮಯ ಹಿಡಿಯಬಹುದು, ಆದರೆ ಇದನ್ನು ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಇವತ್ತೇ ಆರಂಭಿಸಬಹುದು. ಆರಂಭಿಸದಿರಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಕಾರಣದ ಹುಡುಕಾಟ

ಇ.ಸಿ.ಜಿ.ಯಲ್ಲಿ ಹೃದಯದ ಬಡಿತ ಲಯ ತಪ್ಪಿದ್ದು ಕಂಡಿತು: ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸದೆ ನಡುಗುತ್ತಿರುವುದರಿಂದ ಅಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ತುಣುಕು ಮೆದುಳಿಗೆ ಸಾಗುತ್ತದೆ. ಈ ದೋಷವಿದ್ದವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಎಂಬುದನ್ನು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1991ರಲ್ಲೇ ತೋರಿಸಿತ್ತು. ಚಿಕಿತ್ಸೆಯಿಲ್ಲದೆ ಬಿಟ್ಟ ರಕ್ತದೊತ್ತಡ ಈ ದೋಷಕ್ಕೂ ದಾರಿ ಮಾಡಿಕೊಡುತ್ತದೆ.

ಆಗ ಸೊಸೆ ಇನ್ನೊಂದು ಸಂಗತಿ ಹೇಳಿದರು. ತಿಂಗಳ ಹಿಂದೆ ಊಟಕ್ಕೆ ಕುಳಿತಾಗ ಮಾವನ ಕೈಯಿಂದ ತುತ್ತು ಜಾರಿ ಬಿದ್ದಿತ್ತು, ಹತ್ತು ನಿಮಿಷ ಬೆರಳು ಮಡಚಲಾಗಲಿಲ್ಲ, ಆಮೇಲೆ ಸರಿಹೋಯಿತು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಇದು ಬಹುಶಃ ಕಿರು ಪಾರ್ಶ್ವವಾಯು. ಇಂಥ ಲಕ್ಷಣ ಬಂದುಹೋದವರನ್ನು ತಡಮಾಡದೆ ಪರೀಕ್ಷಿಸಿ ಅಂದೇ ಚಿಕಿತ್ಸೆ ಆರಂಭಿಸಿದರೆ, ಮುಂದಿನ ಮೂರು ತಿಂಗಳಲ್ಲಿ ಪಾರ್ಶ್ವವಾಯು ಆಗುವ ಪ್ರಮಾಣ ಶೇ. 10.3ರಿಂದ ಶೇ. 2.1ಕ್ಕೆ ಇಳಿಯಿತು ಎಂದು ಆಕ್ಸ್‌ಫರ್ಡ್‌ನ ಎಕ್ಸ್‌ಪ್ರೆಸ್ ಅಧ್ಯಯನ 2007ರಲ್ಲಿ ವರದಿ ಮಾಡಿದೆ. ಆ ದಿನ ಒಂದು ಇ.ಸಿ.ಜಿ. ಆಗಿದ್ದರೆ ಲಯದೋಷ ಆಗಲೇ ಸಿಗುವ ಸಾಧ್ಯತೆ ಇತ್ತು. ತಾನಾಗಿ ಸರಿಹೋದದ್ದಕ್ಕೆ ಆಸ್ಪತ್ರೆಗೆ ಹೋಗುವ ರೂಢಿ ನಮ್ಮಲ್ಲಿಲ್ಲ. ಪಾರ್ಶ್ವವಾಯುವಿನ ತಿಳಿವಳಿಕೆ ಕೊಡುವವರು ಸೊಟ್ಟಬಾಯಿಯ ಚಿತ್ರದ ಜೊತೆಗೆ ಇದನ್ನೂ ಹೇಳಬೇಕು.

ಹೃದಯದ ಎಕೋ ಪರೀಕ್ಷೆಯಲ್ಲಿ ಕವಾಟಗಳು ಚೆನ್ನಾಗಿದ್ದವು. ಇದು ಮುಖ್ಯ, ಏಕೆಂದರೆ ನಮ್ಮ ದೇಶದಲ್ಲಿ ಬಾಲ್ಯದ ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರು ಇನ್ನೂ ಬಹಳ ಮಂದಿ ಇದ್ದಾರೆ, ಅವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಗುಂಪಿನ ಹಳೆಯ ಔಷಧವೇ ಮೇಲು ಎಂಬುದು 2022ರ ಇನ್ವಿಕ್ಟಸ್ ಅಧ್ಯಯನದಲ್ಲಿ ಸಾಬೀತಾಗಿದೆ. ಈ ರೋಗಿಗೆ ಆ ತೊಂದರೆ ಇಲ್ಲದ್ದರಿಂದ ಅದೇ ಕೆಲಸ ಮಾಡುವ ಹೊಸ ಔಷಧ ಅಪಿಕ್ಸಬಾನ್ ಆರಿಸಿದರು. ಪಾರ್ಶ್ವವಾಯುವಾದ ಮೇಲೆ ಇಂಥ ಔಷಧವನ್ನು ಯಾವಾಗ ಆರಂಭಿಸಬೇಕೆಂಬುದು ಬಹುಕಾಲ ವಾದದ ವಿಷಯವಾಗಿತ್ತು. ಬೇಗ ಆರಂಭಿಸುವುದರಿಂದ ರಕ್ತಸ್ರಾವ ಹೆಚ್ಚುವುದು ಕಾಣಲಿಲ್ಲ ಎಂದು 2023ರ ಎಲಾನ್ ಅಧ್ಯಯನ ಹೇಳಿದ ಮೇಲೆ ವೈದ್ಯರಿಗೆ ಧೈರ್ಯ ಬಂದಿದೆ. ಇವರಿಗೆ ಮೂರನೆಯ ದಿನ ಕೊಳವೆಯ ಮೂಲಕವೇ ಶುರುವಾಯಿತು.

ಮನೆಗೆ ಬಂದ ಮೇಲೆ

ಹನ್ನೊಂದನೆಯ ದಿನ ಮನೆಗೆ ಬಂದರು. ಕಾಲು ಬಹಳಮಟ್ಟಿಗೆ ಮರಳಿತ್ತು, ಕೈಯಲ್ಲಿ ಹಿಡಿತ ಕಡಿಮೆ, ಹೇಳಿದ್ದು ಅರ್ಥವಾಗುತ್ತಿತ್ತು, ಆದರೆ ಬೇಕಾದ ಮಾತು ಬಾಯಿಗೆ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಸಮತಟ್ಟಾದ ನೆಲದ ಮೇಲೆ ನಡೆದವರಿಗೆ ಮನೆಯ ಎತ್ತರದ ಜಗಲಿ, ಪಾಚಿಗಟ್ಟಿದ ಅಂಗಳ, ಹೊರಗಿನ ಬಚ್ಚಲು ದೊಡ್ಡ ಸವಾಲಾದವು. ಮಗ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿ, ಜಗಲಿಯ ಮೆಟ್ಟಿಲಿಗೆ ಹಿಡಿಕೆ ಕಟ್ಟಿದ.

ವ್ಯಾಯಾಮ ಮಾಡಿಸುವ ಹೊಣೆ ಸೊಸೆಯ ಮೇಲೆ ಬಿತ್ತು. ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ಪುನಶ್ಚೇತನ ಮಾಡಿಸಿದರೆ ಸಾಕೇ ಎಂಬ ಪ್ರಶ್ನೆಯನ್ನು ನಮ್ಮ ದೇಶದ 14 ಆಸ್ಪತ್ರೆಗಳ 1250 ರೋಗಿಗಳಲ್ಲಿ ಪರೀಕ್ಷಿಸಿದ ಅಟೆಂಡ್ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆರು ತಿಂಗಳ ಕೊನೆಗೆ ಸಾವು ಅಥವಾ ಪರಾವಲಂಬನೆ ಎರಡೂ ಗುಂಪುಗಳಲ್ಲಿ ಶೇ. 47. ತರಬೇತಿಯಿಂದ ವ್ಯತ್ಯಾಸವಾಗಲಿಲ್ಲ. ಈ ಫಲಿತಾಂಶವನ್ನು ಮನೆಯವರ ಆರೈಕೆ ವ್ಯರ್ಥ ಎಂದು ಓದಬಾರದು. ಫಿಸಿಯೋಥೆರಪಿಸ್ಟ್ ಮಾಡಬೇಕಾದ ಕೆಲಸವನ್ನು ಮನೆಯ ಹೆಣ್ಣುಮಕ್ಕಳ ಹೆಗಲಿಗೆ ದಾಟಿಸಿ ವ್ಯವಸ್ಥೆ ಕೈತೊಳೆದುಕೊಳ್ಳಲಾಗದು ಎಂದು ನಾನು ಓದುತ್ತೇನೆ. ಇಲ್ಲಿ ವಾರಕ್ಕೊಮ್ಮೆ ಕುಮಟಾಕ್ಕೆ ಕರೆತಂದು ಥೆರಪಿ ಮಾಡಿಸಿದರು, ಉಳಿದ ದಿನ ಮನೆಯಲ್ಲಿ. ವಾಕ್‌ ಚಿಕಿತ್ಸೆಗೆ ಹತ್ತಿರದಲ್ಲಿ ತಜ್ಞರಿಲ್ಲದೆ ವಿಡಿಯೊ ಕರೆಯಲ್ಲಿ ನಡೆಯಿತು. ಆ ತಜ್ಞೆ, ಪುಸ್ತಕದ ಚಿತ್ರಗಳನ್ನು ಬದಿಗಿಟ್ಟು ಕತ್ತಿ, ಕೊಕ್ಕೆ, ಹಾಳೆ, ಕ್ಯಾನು, ಬಾವಿಹಗ್ಗ ಇವನ್ನೇ ಮುಂದಿಡಲು ಸೊಸೆಗೆ ಹೇಳಿದ ಮೇಲೆ ರೋಗಿಗೆ ಉತ್ಸಾಹ ಬಂತು. ನಡುವೆ ಒಂದು ತಿಂಗಳು ಯಾರೊಂದಿಗೂ ಬೆರೆಯದೆ, ಊಟ ಬೇಡವೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೂ ಉಂಟು. ಪಾರ್ಶ್ವವಾಯುವಾದ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದನ್ನು ಗುರುತಿಸಿ ಮಾತ್ರೆ ಕೊಟ್ಟದ್ದು ಮೊದಲು ಹೇಳಿದ ಕ್ಲಿನಿಕ್ಕಿನ ವೈದ್ಯರೇ.

ಮನೆಯವರು ಎಣ್ಣೆ ತಿಕ್ಕುವುದನ್ನು ಮುಂದುವರಿಸಬಹುದೇ ಎಂದು ಕೇಳಿದರು. ಮೃದುವಾಗಿ ತಿಕ್ಕಿ, ಹೊಟ್ಟೆಗೆ ಬೇರೆ ಮದ್ದು ಬೇಡ, ಮಾತ್ರೆ ಒಂದು ಹೊತ್ತೂ ತಪ್ಪಬಾರದು ಎಂದು ಹೇಳಲಾಯಿತು. ಅಪಿಕ್ಸಬಾನ್‌ನ ಪರಿಣಾಮ ಅರ್ಧ ದಿನದಲ್ಲಿ ಇಳಿಯುತ್ತದೆ. ಎರಡು ಹೊತ್ತು ತಪ್ಪಿದರೆ ರಕ್ಷಣೆಯೇ ಇಲ್ಲದಂತೆ. ಮಾತ್ರೆ ತಪ್ಪದಂತೆ ಮಾಡುವುದು ಎಷ್ಟು ಕಷ್ಟವೆಂಬುದಕ್ಕೆ ನಮ್ಮ ದೇಶದ್ದೇ ಸ್ಪ್ರಿಂಟ್ ಇಂಡಿಯಾ ಅಧ್ಯಯನ ಸಾಕ್ಷಿ. 31 ಕೇಂದ್ರಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಅವರವರ ಭಾಷೆಯಲ್ಲಿ ಸಂದೇಶ, ವಿಡಿಯೊ, ಪುಸ್ತಿಕೆ ಕೊಟ್ಟು ನೋಡಿದರು. ಔಷಧ ಪಾಲನೆ ಮತ್ತು ದುಶ್ಚಟ ಬಿಡುವುದರಲ್ಲಿ ಸ್ವಲ್ಪ ಸುಧಾರಣೆಯಾದರೂ ಮರು ಆಘಾತಗಳು ಕಡಿಮೆಯಾಗಲಿಲ್ಲ ಎಂದು 2023ರಲ್ಲಿ ವರದಿಯಾಯಿತು. ಈ ಮನೆಯಲ್ಲಿ ಕೆಲಸಕ್ಕೆ ಬಂದದ್ದು ಆಶಾ ಕಾರ್ಯಕರ್ತೆ ಹದಿನೈದು ದಿನಕ್ಕೊಮ್ಮೆ ಬಂದು ಬಿ.ಪಿ. ನೋಡಿ ಖಾಲಿ ಮಾತ್ರೆ ಹಾಳೆಗಳನ್ನು ಎಣಿಸುವುದು. ರಕ್ತದೊತ್ತಡ ಇಳಿಸುವುದರಿಂದ ಮರು ಪಾರ್ಶ್ವವಾಯು ಶೇ. 28ರಷ್ಟು ಕಡಿಮೆಯಾಗುತ್ತದೆಂದು 2001ರ ಪ್ರೋಗ್ರೆಸ್ ಅಧ್ಯಯನ ತೋರಿಸಿದೆ.

ಉಪ್ಪಿನ ವಿಷಯದಲ್ಲಿ ತಕರಾರಾಯಿತು. ಅಪ್ಪೆಮಿಡಿಯ ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿದ ಮಜ್ಜಿಗೆ ಇಲ್ಲದೆ ಅವರಿಗೆ ಊಟ ಇಳಿಯುವುದಿಲ್ಲ. ಚೀನಾದ 600 ಹಳ್ಳಿಗಳಲ್ಲಿ ಸಾಮಾನ್ಯ ಉಪ್ಪಿನ ಬದಲು ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಬಳಸಿದಾಗ ಪಾರ್ಶ್ವವಾಯು ಶೇ. 14ರಷ್ಟು ಇಳಿದದ್ದು 2021ರಲ್ಲಿ ಪ್ರಕಟವಾಗಿದೆ. ಮೂತ್ರಪಿಂಡದ ತೊಂದರೆ ಇದ್ದವರು ಅದನ್ನು ಬಳಸುವಂತಿಲ್ಲ. ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತೋರುವ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ ಇವರಲ್ಲಿ 1.1 ಇದ್ದದ್ದರಿಂದ ಅಡುಗೆಗೆ ಆ ಉಪ್ಪು, ಉಪ್ಪಿನಕಾಯಿ ಮಧ್ಯಾಹ್ನ ಮಾತ್ರ ಎಂಬ ಒಪ್ಪಂದವಾಯಿತು. ಕವಳದಲ್ಲಿ ತಂಬಾಕು ನಿಂತಿದೆ.

ಆರು ತಿಂಗಳಿಗೆ ನೋಡಿದಾಗ ಅವರು ಯಾರ ನೆರವೂ ಇಲ್ಲದೆ ಸ್ನಾನ, ಊಟ, ತೋಟದ ತಿರುಗಾಟ ಮಾಡುತ್ತಿದ್ದರು. ಮಾತು ಚಿಕ್ಕ ವಾಕ್ಯಗಳಲ್ಲಿ ಬರುತ್ತದೆ, ಸಂಖ್ಯೆಗಳು ಇನ್ನೂ ತಪ್ಪುತ್ತವೆ. ಸಹಿ ಮಾಡಲಾಗದ್ದರಿಂದ ಸೊಸೈಟಿಯ ವ್ಯವಹಾರ ಮಗನ ಹೆಸರಿಗೆ ಹೋಗಿದೆ. ಮೊದಲ ಚಿಕಿತ್ಸೆ ಕೊಟ್ಟ ಆಸ್ಪತ್ರೆ ತನ್ನ ದಾಖಲಾತಿ ಹಾಳೆಯಲ್ಲಿ, ಲಕ್ಷಣ ಆರಂಭವಾದ ಸಮಯದ ಒಂದು ಕಾಲಮ್ಮಿನ ಬದಲು, ಸರಿಯಾಗಿದ್ದುದನ್ನು ಕೊನೆಗೆ ಕಂಡವರು ಯಾರು, ಅದಕ್ಕೆ ಆಧಾರವೇನು ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿದೆ. ಫೋನಿನ ಕರೆ, ಬಸ್ಸಿನ ಟಿಕೇಟು, ಅಂಗಡಿಯ ಬಿಲ್ಲು ಯಾವುದಾದರೂ ಆಗಬಹುದು.

ಅಪಿಕ್ಸಬಾನ್ ದಿನಕ್ಕೆರಡು ಬಾರಿ 5 ಮಿಲಿಗ್ರಾಂ ನಡೆಯುತ್ತಿದೆ. ವಯಸ್ಸು 80 ಅಥವಾ ಮೇಲ್ಪಟ್ಟು, ತೂಕ 60 ಕಿಲೋ ಅಥವಾ ಕಡಿಮೆ, ಕ್ರಿಯಾಟಿನಿನ್ 1.5 ಅಥವಾ ಹೆಚ್ಚು, ಈ ಮೂರರಲ್ಲಿ ಎರಡು ಕೂಡಿದಾಗ ಮಾತ್ರ ಪ್ರಮಾಣವನ್ನು ಅರ್ಧಕ್ಕೆ ಇಳಿಸಬೇಕು. ಇವರಿಗೆ ಈಗ ಅನ್ವಯಿಸುವುದು ತೂಕ ಒಂದೇ. ಆದ್ದರಿಂದ ಪೂರ್ಣ ಪ್ರಮಾಣವೇ ಮುಂದುವರಿಯಬೇಕು, ಮತ್ತು ಕ್ರಿಯಾಟಿನಿನ್ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡಿಸಬೇಕು ಎಂದು ಕೇಸ್ ಶೀಟಿನ ಕೊನೆಯ ಪುಟದಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಮಗನಿಗೂ ಇನ್ನೊಂದನ್ನು ಆಶಾ ಕಾರ್ಯಕರ್ತೆಗೂ ಕೊಡಲಾಗಿದೆ.